ವಾಪಸ್ ಬರುವುದನ್ನು ಮೊದಲು ಬರೆಯೋಣ

ಈ ವರ್ಷದ ಶೈಕ್ಷಣಿಕ ಪ್ರವಾಸದ ಮಾತು ಶುರುವಾಗಿದೆ. ಕ್ಲಾಸ್ ಗ್ರೂಪಿನಲ್ಲಿ ಊರುಗಳ ಹೆಸರು ಒಂದರ ಮೇಲೊಂದು ಬೀಳುತ್ತಿವೆ. ಅದರ ನಡುವೆ ಯಾರೋ ಒಂದು ವಿಡಿಯೋ ಹಾಕಿದ್ದರು. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಮರಿಯ ಮೇಲೆ ನಾಲ್ಕು ಸೀಟಿನ ಪುಟ್ಟ ವಿಮಾನವೊಂದು ಹಾರುತ್ತದೆ, ಕೆಳಗೆ ಕೆಂಪು ಬಂಡೆಗಳು ಪದರ ಪದರವಾಗಿ ಸಾಗುತ್ತವೆ. "ನಮ್ಮ ಟ್ರಿಪ್ಪೂ ಹಿಂಗೇ ಇರಲಿ" ಎಂದು ಒಬ್ಬರು ಬರೆದರು. "ಮೊದಲು ಬಸ್ಸಿನ ದುಡ್ಡು ಕೊಡು ಮಾರಾಯ" ಎಂದು ಇನ್ನೊಬ್ಬರು ಬರೆದರು. ಎಲ್ಲರೂ ನಕ್ಕರು, ಮಾತು ಅಲ್ಲಿಗೆ ಮುಗಿಯಿತು.

ಮಾತು ಅಲ್ಲಿಗೆ ಮುಗಿಯಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ಅಂಥ ಒಂದು ವಿಮಾನ ಪ್ರವಾಸವನ್ನು ನಾವು ನಿಜವಾಗಿಯೂ ಯೋಜಿಸಬೇಕು. ವಿಮಾನ ಬೇಡ, ದುಡ್ಡೂ ಬೇಡ. ಒಂದು ನಕ್ಷೆ, ಒಂದು ಸ್ಕೇಲು, ಒಂದು ಕ್ಯಾಲ್ಕುಲೇಟರ್ ಸಾಕು. ಹಾಗೆ ಯೋಜಿಸಲು ಕೂತರೆ, ನಾವು ಈಗ ಬಸ್ಸಿನ ಪ್ರವಾಸವನ್ನು ಯೋಜಿಸುವ ರೀತಿಯಲ್ಲಿ ಏನು ತಪ್ಪಿದೆ ಎಂಬುದು ತಾನಾಗಿಯೇ ಕಾಣುತ್ತದೆ.

ನಮ್ಮ ಯೋಜನೆ ಹೇಗಿರುತ್ತದೆ? ಯಾವ ಊರು, ತಲೆಗೆ ಎಷ್ಟು ರೂಪಾಯಿ, ಬೆಳಿಗ್ಗೆ ಎಷ್ಟು ಗಂಟೆಗೆ, ಊಟಕ್ಕೆ ಏನು, ಸ್ಪೀಕರ್ ಇರುತ್ತದೋ ಇಲ್ಲವೋ. ಹೆಚ್ಚೆಂದರೆ ನಮಾಜಿಗೆ ಎಲ್ಲಿ ನಿಲ್ಲಿಸುವುದು ಎಂಬುದೂ ಸೇರುತ್ತದೆ. ಇವೆಲ್ಲವೂ ಬೇಕು. ಆದರೆ ಯಾವ ಪರಿಸ್ಥಿತಿಯಲ್ಲಿ ನಾವು ಹೋಗುವುದಿಲ್ಲ, ಎಲ್ಲಿಂದ ಹಿಂದಿರುಗುತ್ತೇವೆ, ಹಾಗೆಂದು ಹೇಳುವವರು ಯಾರು ಎಂಬ ಸಾಲು ನಮ್ಮ ಯಾವ ಪ್ರವಾಸದ ಹಾಳೆಯಲ್ಲೂ ಇರುವುದಿಲ್ಲ. ಸಣ್ಣ ವಿಮಾನದಲ್ಲಿ ದೃಶ್ಯ ನೋಡಲು ಹೊರಡುವವರು ಮೊದಲು ಬರೆಯುವುದೇ ಆ ಸಾಲನ್ನು.

ಗ್ರ್ಯಾಂಡ್ ಕ್ಯಾನ್ಯನ್ನಿನ ವಿಷಯವನ್ನೇ ನೋಡಿ. ಕೊಲರಾಡೊ ನದಿ ಕೊರೆದ ಆ ಕಮರಿ ಸುಮಾರು 446 ಕಿ.ಮೀ. ಉದ್ದವಿದೆ. ಆಳ ಕೆಲವು ಕಡೆ ಒಂದೂವರೆ ಕಿ.ಮೀ. ದಾಟುತ್ತದೆ. 1956ರ ಜೂನ್ 30ರಂದು ಎರಡು ದೊಡ್ಡ ಪ್ರಯಾಣಿಕ ವಿಮಾನಗಳು ಅದರ ಮೇಲೆ ಡಿಕ್ಕಿ ಹೊಡೆದು 128 ಜನ ಸತ್ತರು. ಪ್ರಯಾಣಿಕರಿಗೆ ಕಮರಿಯ ನೋಟ ಚೆನ್ನಾಗಿ ಕಾಣಲಿ ಎಂದು ಪೈಲಟ್‌ಗಳು ಗಮನ ಅತ್ತ ಕೊಟ್ಟಿದ್ದಿರಬಹುದು ಎಂಬುದನ್ನು ತನಿಖೆಯವರು ಸಂಭಾವ್ಯ ಕಾರಣಗಳಲ್ಲಿ ಒಂದಾಗಿ ಎಣಿಸಿದರು. ಆ ದುರಂತದ ಒತ್ತಡದಿಂದಲೇ 1958ರಲ್ಲಿ ಅಮೆರಿಕದ ಇಂದಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಹುಟ್ಟಿತು. ಮೂವತ್ತು ವರ್ಷದ ನಂತರ, 1986ರ ಜೂನ್ 18ರಂದು, ಅದೇ ಕಮರಿಯ ಮೇಲೆ ಪ್ರವಾಸಿಗರ ಒಂದು ಸಣ್ಣ ವಿಮಾನವೂ ಒಂದು ಹೆಲಿಕಾಪ್ಟರೂ ಡಿಕ್ಕಿಯಾಗಿ 25 ಜನ ಸತ್ತರು. ಇಬ್ಬರೂ ದೃಶ್ಯ ತೋರಿಸಲೆಂದೇ ಹೊರಟವರು. ಮರುವರ್ಷವೇ ರಾಷ್ಟ್ರೀಯ ಉದ್ಯಾನಗಳ ಮೇಲಿನ ಹಾರಾಟಕ್ಕೆ ಕಾನೂನು ಬಂತು. ಎಷ್ಟು ಎತ್ತರದಲ್ಲಿ, ಯಾವ ದಾರಿಯಲ್ಲಿ ಹಾರಬೇಕು, ಎಲ್ಲಿ ಹಾರಲೇಬಾರದು ಎಂಬುದು ಆಮೇಲೆ ನಿರ್ಧಾರವಾಯಿತು. ಇಂದು ನಮ್ಮ ಮೊಬೈಲಿಗೆ ಬರುವ ಸುಂದರ ವಿಡಿಯೋ ಹಿಂದೆ ಇಷ್ಟು ಲೆಕ್ಕವಿದೆ.

ಈಗ ನಮ್ಮೂರಿಗೆ ಬರೋಣ. ಮರಳೂ ಕಮರಿಯೂ ಒಟ್ಟಿಗೆ ಬೇಕೆಂದರೆ ನಾವು ಅರಿಜೋನಾಕ್ಕೆ ಹೋಗಬೇಕಿಲ್ಲ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಪೂರ್ವಕ್ಕೆ ಹೊರಟರೆ ಕಾವೇರಿ ದಂಡೆಯಲ್ಲಿ ತಲಕಾಡಿನ ಮರಳದಿಬ್ಬಗಳು ಸಿಗುತ್ತವೆ. ಅಲ್ಲಿಂದ ಮುಂದೆ ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ. ಗಗನಚುಕ್ಕಿ, ಭರಚುಕ್ಕಿಯಾಗಿ ನದಿ ಸುಮಾರು 98 ಮೀಟರ್ ಕೆಳಗೆ ಧುಮುಕಿ ಕಮರಿಗೆ ಇಳಿಯುವ ಜಾಗ. ನಮ್ಮ ಮನೆಯ ಹಿರಿಯರಿಗೆ ಅದು ಮರ್ದಾನೆ ಗೈಬ್ ದರ್ಗಾ ಇರುವ ಜಾಗ. ಊರಿನ ಎಲ್ಲರಿಗೂ ಅದು 'ಬ್ಲಫ್', 1902ರಲ್ಲಿ ಕೆಜಿಎಫ್ ಚಿನ್ನದ ಗಣಿಗೆ ಕರೆಂಟ್ ಕಳುಹಿಸಿದ ವಿದ್ಯುತ್ ಕೇಂದ್ರದ ಜಾಗ. ಅಲ್ಲಿಂದ ನದಿ ಕಾವೇರಿ ವನ್ಯಧಾಮದ ಕಾಡಿನಲ್ಲಿ ಮುತ್ತತ್ತಿ, ಭೀಮೇಶ್ವರಿ ದಾಟಿ, ಅರ್ಕಾವತಿಯನ್ನು ಕೂಡಿಕೊಂಡು ಮೇಕೆದಾಟಿನ ಕಿರುಗಂಡಿಯಲ್ಲಿ ನುಗ್ಗುತ್ತದೆ. ಇಲ್ಲಿ ಅರಿಜೋನಾದ ಬೋಳು ಬಂಡೆಯ ಬದಲು ಕುರುಚಲು ಕಾಡಿದೆ. ಆದರೆ ಮೇಲಿನಿಂದ ನೋಡುವವನಿಗೆ ನದಿ ನೆಲವನ್ನು ಸೀಳುವ ಕಥೆ ಒಂದೇ.

ಈ ದಾರಿಯನ್ನು ನಕ್ಷೆಯ ಮೇಲೆ ಅಳೆದೆ. ಮಂಡಕಳ್ಳಿ, ತಲಕಾಡು, ಶಿವನಸಮುದ್ರ, ಮೇಕೆದಾಟು: ನೇರ ಗೆರೆಗಳಲ್ಲಿ ಒಟ್ಟು ಸುಮಾರು 92 ಕಿ.ಮೀ. ವಿಮಾನದವರ ಅಳತೆಯಲ್ಲಿ ಸುಮಾರು 50 ನಾಟಿಕಲ್ ಮೈಲಿ. ವಿಮಾನ ತರಬೇತಿ ಶಾಲೆಗಳಲ್ಲಿ ಸಾಮಾನ್ಯವಾಗಿರುವ ಸೆಸ್ನಾ 172 ಎಂಬ ನಾಲ್ಕು ಸೀಟಿನ ವಿಮಾನ ಗಂಟೆಗೆ 100 ನಾಟಿಕಲ್ ಮೈಲಿ, ಅಂದರೆ 100 ನಾಟ್ ವೇಗದಲ್ಲಿ ಹೋಗುತ್ತದೆ ಎಂದುಕೊಳ್ಳಿ. ಹೋಗಲು 30 ನಿಮಿಷ, ಬರಲು 30 ನಿಮಿಷ. ಲೆಕ್ಕ ಮುಗಿಯಿತೇ? ಇಲ್ಲ. ಗಾಳಿ ಸೇರಿಲ್ಲ.

ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಅದರ ವೇಗ 20 ನಾಟ್ ಎಂದಿಟ್ಟುಕೊಂಡರೆ, ಪೂರ್ವಕ್ಕೆ ಹೋಗುವಾಗ ವಿಮಾನ ನೆಲದ ಮೇಲೆ 120 ನಾಟ್ ವೇಗದಲ್ಲಿ ಸಾಗುತ್ತದೆ. ಮೇಕೆದಾಟು 25 ನಿಮಿಷಕ್ಕೇ ಬಂದುಬಿಡುತ್ತದೆ. "ಐದು ನಿಮಿಷ ಉಳೀತು, ಇನ್ನೊಂದು ಸುತ್ತು ಹಾಕೋಣ" ಎನ್ನಿಸುವುದು ಆಗಲೇ. ಆದರೆ ವಾಪಸ್ ಬರುವಾಗ ಅದೇ ಗಾಳಿ ಎದುರಾಗುತ್ತದೆ. ವೇಗ 80ಕ್ಕೆ ಇಳಿಯುತ್ತದೆ, ಮೂವತ್ತೇಳೂವರೆ ನಿಮಿಷ ಬೇಕಾಗುತ್ತದೆ. ಗಾಳಿ 40 ನಾಟ್ ಆದರೆ ಹೋಗಲು 21 ನಿಮಿಷ, ಬರಲು 50 ನಿಮಿಷ. ಹೋದಾಗ ಖರ್ಚಾದ ಇಂಧನವನ್ನು ನೋಡಿ, ಬರಲೂ ಅಷ್ಟೇ ಸಾಕು ಎಂದುಕೊಂಡವನು ಕಾಡಿನ ಮೇಲೆ ಸಿಕ್ಕಿಕೊಳ್ಳುತ್ತಾನೆ. ಸಾಪೇಕ್ಷ ವೇಗ ಎಂಬ ಪಾಠವನ್ನು ನಾವು ಪ್ರಥಮ ಪಿಯುನಲ್ಲಿ ದೋಣಿ ಮತ್ತು ನದಿಯ ಲೆಕ್ಕದಲ್ಲಿ ಓದಿ ಅಂಕ ತೆಗೆದುಕೊಂಡು ಮರೆತಿದ್ದೇವೆ. ಅದೇ ಪಾಠ ಇಲ್ಲಿ ಮನೆಗೆ ಮರಳುವ ಪ್ರಶ್ನೆಯಾಗುತ್ತದೆ.

ಮುಂದಿನದು ತೂಕ. ಸೆಸ್ನಾ 172ರ ಈಚಿನ ಮಾದರಿ ಮೇಲೇಳಲು ಅನುಮತಿ ಇರುವ ಒಟ್ಟು ತೂಕ ಸುಮಾರು 1,157 ಕೆ.ಜಿ. ವಿಮಾನದ ಸ್ವಂತ ತೂಕ ಸುಮಾರು 760 ಕೆ.ಜಿ. ಎಂದುಕೊಂಡರೆ ಉಳಿದದ್ದು 397 ಕೆ.ಜಿ. ಟ್ಯಾಂಕ್ ತುಂಬಿಸಿದರೆ ಸುಮಾರು 200 ಲೀಟರ್ ಇಂಧನ, ಅದರ ತೂಕ ಸುಮಾರು 144 ಕೆ.ಜಿ. ಇನ್ನುಳಿಯುವುದು 253 ಕೆ.ಜಿ. ತಲಾ 70 ಕೆ.ಜಿ.ಯ ನಾಲ್ವರು ಕೂತರೆ 280 ಆಯಿತು. ಅಂದರೆ ನಾಲ್ಕು ಸೀಟಿನ ವಿಮಾನದಲ್ಲಿ ಟ್ಯಾಂಕ್ ತುಂಬಿಸಿ ನಾಲ್ವರು ಕೂರುವಂತಿಲ್ಲ! ಒಂದೋ ಒಬ್ಬರು ಇಳಿಯಬೇಕು, ಇಲ್ಲವೇ ಇಂಧನ ಕಡಿಮೆ ಮಾಡಬೇಕು. 100 ಲೀಟರ್ ಹಾಕಿದರೆ ತೂಕ ಸರಿಹೋಗುತ್ತದೆ. ಗಂಟೆಗೆ 35 ಲೀಟರ್ ಲೆಕ್ಕದಲ್ಲಿ, ಸುತ್ತು ಹಾಕುವ 20 ನಿಮಿಷವನ್ನೂ ಸೇರಿಸಿದರೆ ಪ್ರವಾಸಕ್ಕೆ ಸುಮಾರು 49 ಲೀಟರ್ ಬೇಕು. ಮುಕ್ಕಾಲು ಗಂಟೆಯ ಮೀಸಲಿಗೆ 26 ಲೀಟರ್. ಒಟ್ಟು 75. ಇನ್ನೂ 25 ಲೀಟರ್ ಕೈಯಲ್ಲಿರುತ್ತದೆ. ಇದು ಧೈರ್ಯದ ಮಾತಲ್ಲ, ಕೂಡಿಸಿ ಕಳೆಯುವ ಲೆಕ್ಕ. ಹನ್ನೆರಡು ಸೀಟಿನ ಟೆಂಪೊ ಟ್ರಾವೆಲರಿನಲ್ಲಿ "ಅಡ್ಜಸ್ಟ್ ಮಾಡ್ಕೊಳ್ಳಿ" ಎಂದು ಹದಿನೆಂಟು ಜನ ಕೂರುವ ನಮಗೆ ಈ ಲೆಕ್ಕ ವಿಚಿತ್ರ ಅನ್ನಿಸಬಹುದು. ಬ್ರೇಕಿಗೆ ಮಾತ್ರ ಅದು ವಿಚಿತ್ರವಲ್ಲ.

ಮೂರನೆಯದು ಬಿಸಿಲು. ಗಾಳಿ ಕಾದಷ್ಟೂ ತೆಳುವಾಗುತ್ತದೆ, ರೆಕ್ಕೆಗೆ ಆಧಾರ ಕಡಿಮೆಯಾಗುತ್ತದೆ, ಎಂಜಿನ್ ಶಕ್ತಿಯೂ ಕುಗ್ಗುತ್ತದೆ. ಮಂಡಕಳ್ಳಿ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದರೆ, ಪೈಲಟ್‌ಗಳು ಬಳಸುವ ಸರಳ ಸೂತ್ರದ ಪ್ರಕಾರ ವಿಮಾನ ಸುಮಾರು 5,200 ಅಡಿ ಎತ್ತರದಲ್ಲಿ ಇದ್ದಂತೆ ವರ್ತಿಸುತ್ತದೆ. ಅಂದರೆ ಅದರ ಪಾಲಿಗೆ ಮೈಸೂರು ಮಡಿಕೇರಿಗಿಂತ ಎತ್ತರದ ಊರಾಗುತ್ತದೆ. ಮೇಲೇಳಲು ಹೆಚ್ಚು ರನ್‌ವೇ ಬೇಕು, ಏರುವುದೂ ನಿಧಾನ. ಗ್ರ್ಯಾಂಡ್ ಕ್ಯಾನ್ಯನ್ನಿನ ವಿಮಾನ ನಿಲ್ದಾಣವೇ ಸುಮಾರು 6,600 ಅಡಿ ಎತ್ತರದಲ್ಲಿದೆ. ಅಲ್ಲಿ 30 ಡಿಗ್ರಿ ಬಿಸಿಲಿದ್ದರೆ ಅದೇ ಲೆಕ್ಕ 10,000 ಅಡಿಗೆ ಹೋಗುತ್ತದೆ. ಮರುಭೂಮಿಯಲ್ಲಿ ಸಣ್ಣ ವಿಮಾನ ಹಾರಿಸುವವರು ಬೆಳಗಿನ ತಂಪಿನಲ್ಲೇ ಹೊರಡಲು ನೋಡುವುದು ಇದಕ್ಕೇ.

ಹಾಗಾದರೆ ಬೆಳಿಗ್ಗೆಯೇ ಹೊರಡೋಣ ಎಂದರೆ, ಚಳಿಗಾಲದಲ್ಲಿ ಕಾವೇರಿ ಬಯಲಿನ ಮಂಜು ಇರುತ್ತದೆ. ಸಂಜೆ ಹೊರಟರೆ ಮರಳುವಾಗ ಇಳಿಯುವ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ದೋಷವಿಲ್ಲದ ಸಮಯ ಯಾವುದೂ ಇಲ್ಲ. ಯಾವ ದೋಷವನ್ನು ನಿಭಾಯಿಸಬಲ್ಲೆವು ಎಂದು ಆರಿಸಿಕೊಳ್ಳಬೇಕು, ಅಷ್ಟೆ.

ನಾಲ್ಕನೆಯ ಪ್ರಶ್ನೆ: ಎಂಜಿನ್ ನಿಂತರೆ ಎಲ್ಲಿ ಇಳಿಯುವುದು? ಈ ವಿಮಾನ ಒಂದು ಕಿ.ಮೀ. ಎತ್ತರದಿಂದ ಎಂಜಿನ್ ಇಲ್ಲದೆ ಸುಮಾರು ಒಂಬತ್ತು ಕಿ.ಮೀ. ತೇಲಿಕೊಂಡು ಹೋಗಬಲ್ಲದು. ಟಿ. ನರಸೀಪುರ, ತಲಕಾಡು, ಮಳವಳ್ಳಿ ಕಡೆಗಾದರೆ ಬಯಲಿದೆ, ಗದ್ದೆಯಿದೆ. ಶಿವನಸಮುದ್ರ ದಾಟಿದ ಮೇಲೆ ಬಂಡೆ, ಕಾಡು, ನದಿ. ಅದಕ್ಕೇ ಕಮರಿಯ ಒಳಗೆ ಇಳಿದು ಹಾರಬಾರದು, ಅಂಚಿನ ಮೇಲೆ ಎತ್ತರದಲ್ಲಿ ಹಾರಬೇಕು. ಬ್ಲಫ್ ಸುತ್ತ ವಿದ್ಯುತ್ ತಂತಿಗಳಿವೆ. ಕೆಳಗೆ ಹಾರುವವನಿಗೆ ತಂತಿ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಕಮರಿ ಚೆನ್ನಾಗಿ ಕಾಣುವುದು ಒಳಗೆ ಇಳಿದರೆ, ಜೀವ ಉಳಿಯುವುದು ಮೇಲಿದ್ದರೆ. ಯೋಜನೆ ಮಾಡುವವನು ಇವೆರಡರಲ್ಲಿ ಯಾವುದು ಮುಖ್ಯ ಎಂದು ನೆಲದ ಮೇಲಿದ್ದಾಗಲೇ ತೀರ್ಮಾನಿಸಬೇಕು.

ಐದನೆಯದು, ವಿಮಾನದಲ್ಲಿ ಇಲ್ಲದವರ ಲೆಕ್ಕ. ಕೆಳಗಿರುವುದು ವನ್ಯಧಾಮ, ಆನೆಗಳಿರುವ ಕಾಡು. ಹಲಗೂರು ಕಡೆಯಿಂದ ಬರುವ ನಮ್ಮ ಸ್ನೇಹಿತರನ್ನು ಕೇಳಿ, ಆನೆ ಹೊಲಕ್ಕೆ ಇಳಿದರೆ ಏನಾಗುತ್ತದೆಂದು ಹೇಳುತ್ತಾರೆ. ಎಂಜಿನ್ ಸದ್ದು ಅವುಗಳಿಗೆ ಏನು ಮಾಡುತ್ತದೆ ಎಂದು ಕೇಳದೆ ದಾರಿ ಹಾಕಬಾರದು. 2021ರಲ್ಲಿ ಮೈಸೂರಿನ ಲಲಿತಮಹಲ್ ಬಳಿ ಹೆಲಿ ಟೂರಿಸಂ ಮಾಡಲು ನೂರಕ್ಕೂ ಹೆಚ್ಚು ಮರ ಕಡಿಯುವ ಪ್ರಸ್ತಾಪ ಬಂದಾಗ ಮೈಸೂರಿನ ಜನ ಎದ್ದುನಿಂತರು, ಸರ್ಕಾರ ಕೈಬಿಟ್ಟಿತು. ದಸರೆಯ ಹೆಲಿಕಾಪ್ಟರ್ ಸುತ್ತಾಟವನ್ನೂ ಹಂಪಿ ಉತ್ಸವದ 'ಹಂಪಿ ಬೈ ಸ್ಕೈ'ಯನ್ನೂ ನಾನು ಬೇಡವೆನ್ನುವುದಿಲ್ಲ. ಮೇಲಿನಿಂದ ನೋಡುವವರ ಖುಷಿಯ ಬೆಲೆಯನ್ನು ಕೆಳಗಿರುವವರು ಕೊಡುವಂತಾಗಬಾರದು ಎಂದಷ್ಟೇ ಹೇಳುತ್ತೇನೆ.

ಇಷ್ಟೆಲ್ಲ ಲೆಕ್ಕ ಮಾಡಿದ ಮೇಲೆ ನನಗೆ ಎದುರಾದದ್ದು ಒಂದು ಇಕ್ಕಟ್ಟು. ಗಗನಚುಕ್ಕಿ ಯಾವಾಗ ಚೆನ್ನ? ಜುಲೈ, ಆಗಸ್ಟ್ ತಿಂಗಳಲ್ಲಿ, ಕೆಆರ್‌ಎಸ್ ಮತ್ತು ಕಬಿನಿ ತುಂಬಿ ನೀರು ಬಿಟ್ಟಾಗ. ಆಗಲೇ ಮೋಡ ತಗ್ಗಿನಲ್ಲಿರುತ್ತದೆ, ಗಾಳಿ ಜೋರಾಗಿರುತ್ತದೆ, ಮಳೆ ಎಲ್ಲಿಂದಲೋ ಬಂದು ಮುಚ್ಚಿಕೊಳ್ಳುತ್ತದೆ. ನೋಡಲು ಅತ್ಯಂತ ಒಳ್ಳೆಯ ದಿನವೇ ಹಾರಲು ಅತ್ಯಂತ ಕೆಟ್ಟ ದಿನ. ಇದು ವಿಮಾನಕ್ಕೆ ಮಾತ್ರ ಅನ್ವಯಿಸುವ ಮಾತಲ್ಲ. ಬಸ್ಸಿನಲ್ಲಿ, ಬೈಕಿನಲ್ಲಿ ಹೋಗುವ ನಮಗೂ ಹಾಗೆಯೇ. ನೀರು ಜೋರಾದಷ್ಟೂ ನಾವು ಅಂಚಿಗೆ ಹೋಗುತ್ತೇವೆ, ರೀಲ್ಸ್‌ಗೆ ಒಂದು ಹೆಜ್ಜೆ ಮುಂದೆ ಇಡುತ್ತೇವೆ. ಮುತ್ತತ್ತಿಯಲ್ಲಿ, ಸಂಗಮದಲ್ಲಿ, ಮೇಕೆದಾಟಿನಲ್ಲಿ ನಮ್ಮ ವಯಸ್ಸಿನ ಹುಡುಗರು ಮುಳುಗಿದ ಸುದ್ದಿಯನ್ನು ಪತ್ರಿಕೆಯಲ್ಲಿ ಎಷ್ಟು ಸಲ ಓದಿಲ್ಲ? ಎಚ್ಚರಿಕೆಯ ಫಲಕ ಅಲ್ಲೇ ಇರುತ್ತದೆ. ಅದನ್ನು ಓದುವ ಹೊತ್ತಿಗೆ ನಾವು ಅಷ್ಟು ದೂರ ಬಂದಿರುತ್ತೇವೆ, ದುಡ್ಡು ಖರ್ಚಾಗಿರುತ್ತದೆ, ಜೊತೆಯವರು ಆಗಲೇ ನೀರಿಗೆ ಇಳಿದಿರುತ್ತಾರೆ. "ಬಂದದ್ದೇ ಬಂದಿದ್ದೀವಿ" ಎಂಬ ಒಂದು ಮಾತಿಗೆ ಫಲಕ ಸೋಲುತ್ತದೆ.

ಪೈಲಟ್‌ಗಳಿಗೂ ಇದೇ ಮನಸ್ಸು ಇದೆ. ಹೇಗಾದರೂ ತಲುಪಿಬಿಡಬೇಕು ಎನ್ನುವ ಹಟ ತಲೆಗೇರಿದರೆ ಕಣ್ಣೆದುರಿನ ಮೋಡವೂ ತೆಳ್ಳಗೆ ಕಾಣುತ್ತದಂತೆ. ಅದಕ್ಕೆ ಅವರು ಕಂಡುಕೊಂಡ ಮದ್ದು ಸರಳ. ಹೊರಡುವ ಮೊದಲೇ, ಮನಸ್ಸು ತಣ್ಣಗಿರುವಾಗಲೇ, ಕಾಗದದ ಮೇಲೆ ಬರೆದಿಡುವುದು. ನನ್ನ ಯೋಜನೆಯಲ್ಲಿ ಆ ಸಾಲು ಹೀಗಿದೆ: ತಲಕಾಡಿನ ಮರಳು ಕಾಣುವ ಹೊತ್ತಿಗೆ ಮುಂದಿನ ಬೆಟ್ಟಗಳ ತಲೆ ಮೋಡದಲ್ಲಿದ್ದರೆ, ಅಥವಾ ಎದುರುಗಾಳಿ 25 ನಾಟ್ ದಾಟುವ ಮುನ್ಸೂಚನೆ ಇದ್ದರೆ, ಅಲ್ಲಿಂದಲೇ ವಾಪಸ್. ಗಗನಚುಕ್ಕಿ ಇನ್ನು ಇಪ್ಪತ್ತೇ ಕಿ.ಮೀ. ಇದ್ದರೂ ವಾಪಸ್.

ಹಾರಾಟ ಎಂದರೆ ನಮಗೆ ನೆನಪಾಗುವ ದುಃಖಗಳೂ ಇವೆ. 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಸೇರಿ ನಾಲ್ವರಿದ್ದ ಸಣ್ಣ ವಿಮಾನ ಬೆಂಗಳೂರಿನ ಜಕ್ಕೂರಿನಿಂದ ಮೇಲೆದ್ದ ಕೆಲವೇ ನಿಮಿಷಗಳಲ್ಲಿ ನೆಲಕ್ಕಪ್ಪಳಿಸಿತು. ಯಾರೂ ಉಳಿಯಲಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ದೊಡ್ಡ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಂದರಕ್ಕೆ ಬಿತ್ತು. 166 ಜನರಲ್ಲಿ 158 ಜನ ಸತ್ತರು. ಕರಾವಳಿ ಮತ್ತು ಕಾಸರಗೋಡಿನ ಎಷ್ಟೋ ಮನೆಗಳಲ್ಲಿ, ಗಲ್ಫಿನಲ್ಲಿ ದುಡಿದು ಮಗಳ ಮದುವೆಗೋ ಮನೆ ಕಟ್ಟಲೋ ಬರುತ್ತಿದ್ದವರು ಬರಲೇ ಇಲ್ಲ. ತನಿಖಾ ವರದಿ ಹೇಳಿದ ಒಂದು ಸಂಗತಿಯನ್ನು ನಾವೆಲ್ಲ ತಿಳಿದಿರಬೇಕು. ವಿಮಾನ ಸರಿಯಾದ ಎತ್ತರದಲ್ಲಿ ಇಳಿಯುತ್ತಿಲ್ಲ, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕು ಎಂದು ಸಹಪೈಲಟ್ ಮೂರು ಸಲ ಹೇಳಿದ್ದರು. ಯಂತ್ರವೂ ಎಚ್ಚರಿಸಿತ್ತು. ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರು. ಕಿರಿಯರು ಸರಿಯಾದದ್ದನ್ನೇ ಹೇಳಿದ್ದರು, ಆ ಮಾತು ನಡೆಯಲಿಲ್ಲ.

ನಮ್ಮ ತರಗತಿಯಲ್ಲೂ ಆ ಸಹಪೈಲಟ್ ಇದ್ದಾರೆ. "ಬೇಡ ಕಣ್ರೋ, ನೀರು ಜೋರಿದೆ" ಎಂದು ಮೊದಲು ಹೇಳುವವರು. ಅವರಿಗೆ ನಾವು ಏನನ್ನುತ್ತೇವೆ? ಪುಕ್ಕಲು ಅನ್ನುತ್ತೇವೆ. ಹುಡುಗಿ ಹೇಳಿದರೆ ಇನ್ನೂ ಹಗುರವಾಗಿ ತಳ್ಳಿಹಾಕುತ್ತೇವೆ. ಹಾಗೆ ಹೇಳುವವರಿಗೆ ಅಧಿಕಾರ ಕೊಡುವುದೇ ಯೋಜನೆಯ ಅರ್ಧ ಕೆಲಸ.

"ತಕ್ದೀರಿನಲ್ಲಿ ಇದ್ದದ್ದು ಆಗುತ್ತದೆ" ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಒಂಟೆಯನ್ನು ಕಟ್ಟಬೇಕೋ, ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಬೇಕೋ ಎಂದು ಕೇಳಿದವನಿಗೆ, ಮೊದಲು ಕಟ್ಟಿ ನಂತರ ಭರವಸೆ ಇಡುವಂತೆ ಪ್ರವಾದಿ(ಸ) ಹೇಳಿದ ಪ್ರಸಂಗವನ್ನು ನಾವು ಮದರಸದ ದಿನಗಳಿಂದ ಕೇಳುತ್ತಿದ್ದೇವೆ. ಸಫರಿನ ದುಆ ಓದಿಯೇ ಹೊರಡುತ್ತೇವೆ, ಸರಿ. ಟೈರು ನೋಡುವುದು, ನೀರಿನ ಮಟ್ಟ ಕೇಳುವುದು ಒಂಟೆ ಕಟ್ಟುವ ಕೆಲಸ. ಒಂದು ಇನ್ನೊಂದರ ಬದಲಿಗೆ ಬರುವುದಿಲ್ಲ.

ಹಾರುವ ಕನಸು ನಮ್ಮವರಿಗೆ ಹೊಸದೂ ಅಲ್ಲ. ಒಂಬತ್ತನೇ ಶತಮಾನದಲ್ಲಿ ಸ್ಪೇನಿನ ಕಾರ್ಡೊಬಾದಲ್ಲಿದ್ದ ಅಬ್ಬಾಸ್ ಇಬ್ನ್ ಫಿರ್ನಾಸ್ ರೆಕ್ಕೆ ಕಟ್ಟಿಕೊಂಡು ಹಾರಿದ ಕಥೆಯನ್ನು ಇತಿಹಾಸಕಾರ ಅಲ್ ಮಖ್ಖರಿ ಬರೆದಿದ್ದಾರೆ. ಅವರು ಸ್ವಲ್ಪ ದೂರ ಹಾರಿದರಂತೆ, ಇಳಿಯುವಾಗ ಪೆಟ್ಟು ಮಾಡಿಕೊಂಡರಂತೆ. ಹಕ್ಕಿ ಇಳಿಯುವಾಗ ಬಾಲವನ್ನು ಬಳಸುತ್ತದೆ ಎಂಬುದನ್ನು ಗಮನಿಸದೆ ಬಾಲವನ್ನೇ ಮಾಡಿಕೊಂಡಿರಲಿಲ್ಲ ಎನ್ನುತ್ತದೆ ಆ ಕಥೆ. ಏರುವುದಕ್ಕೆ ಸಿದ್ಧತೆ ಇತ್ತು, ಇಳಿಯುವುದಕ್ಕೆ ಇರಲಿಲ್ಲ. ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರಿದೆ. ನಾವು ಅವರ ಧೈರ್ಯವನ್ನು ಹೊಗಳುವುದರ ಜೊತೆಗೆ ಬಾಲದ ಪಾಠವನ್ನೂ ಓದಬೇಕು.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. "ಬಸ್ ಪಾಸಿಗೆ ಪರದಾಡುವ ಮಕ್ಕಳಿಗೆ ವಿಮಾನದ ಲೆಕ್ಕ ಏಕೆ?" ಎನ್ನುವವರಿದ್ದಾರೆ. ವಿಮಾನದ ಲೆಕ್ಕಕ್ಕೆ ಬೇಕಾದದ್ದು ನಮ್ಮ ಪಿಯು ಭೌತಶಾಸ್ತ್ರ, ಗಣಿತ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಹೋಗುವವರು ಓದಿರುವುದೂ ಅದನ್ನೇ. 18 ವರ್ಷ ತುಂಬಿರಬೇಕು, 200 ಗಂಟೆ ಹಾರಿರಬೇಕು. ಖರ್ಚು ಹತ್ತಾರು ಲಕ್ಷ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಹೈದರಾಬಾದಿನ ಬೇಕರಿ ಕೆಲಸಗಾರರೊಬ್ಬರ ಮಗಳು ಸೈಯದಾ ಸಲ್ವಾ ಫಾತಿಮಾ ನೆರವು ಪಡೆದು ಪೈಲಟ್ ಆದರು. ಮೈಸೂರಿನ ನಿಲ್ದಾಣದಲ್ಲೇ ತರಬೇತಿ ವಿಮಾನಗಳು ಹಾರುತ್ತವೆ, ಜಕ್ಕೂರಿನಲ್ಲಿ ಸರ್ಕಾರದ್ದೇ ತರಬೇತಿ ಶಾಲೆ ಇದೆ. ನಮ್ಮಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಪೈಲಟ್ ಆಗುವುದಿಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರು ಮುಂದೆ ಲಾರಿ, ಆಂಬುಲೆನ್ಸ್, ಆಪರೇಷನ್ ಥಿಯೇಟರ್, ಕಾರ್ಖಾನೆ, ಸ್ಕೂಲ್ ಬಸ್ ಇಂಥ ಯಾವುದಾದರೊಂದರಲ್ಲಿ ಬೇರೆಯವರ ಜೀವಕ್ಕೆ ಹೊಣೆಯಾಗಿ ನಿಲ್ಲುತ್ತಾರೆ. ನಿಲ್ಲಿಸುವ ನಿರ್ಧಾರವನ್ನು ಮೊದಲೇ ಮಾಡಿಡುವ ಅಭ್ಯಾಸ ಅಲ್ಲೆಲ್ಲ ಬೇಕು.

"ಇಷ್ಟು ಲೆಕ್ಕ ಹಾಕಿದರೆ ಮಜಾ ಎಲ್ಲಿ?" ಎನ್ನುವವರೂ ಇದ್ದಾರೆ. ಲೆಕ್ಕ ಮಾಡಿ ಮೇಲೇರಿದವನು ಕಿಟಕಿಯಿಂದ ನಿಶ್ಚಿಂತೆಯಾಗಿ ನೋಡುತ್ತಾನೆ. ಲೆಕ್ಕ ಮಾಡದವನು ಇಂಧನದ ಮುಳ್ಳು ನೋಡುತ್ತಾ ಕೂರುತ್ತಾನೆ. ಮಜಾ ಯಾರಿಗೆ ಹೆಚ್ಚು ಎಂದು ಅವರೇ ಹೇಳಲಿ.

ಆದ್ದರಿಂದ ಪ್ರಾಂಶುಪಾಲರಿಗೂ ಪ್ರವಾಸ ಸಮಿತಿಗೂ ನನ್ನ ಮೂರು ಮನವಿ.

ಮೊದಲನೆಯದು, ಈ ವರ್ಷದಿಂದ ಪ್ರತಿ ಪ್ರವಾಸಕ್ಕೂ ಒಂದು ಹಾಳೆಯ ಯೋಜನೆ ಇರಲಿ. ಅದರ ಮೊದಲ ಸಾಲು ಊರಿನ ಹೆಸರಾಗದೆ, ಯಾವ ಸ್ಥಿತಿಯಲ್ಲಿ ಹೋಗುವುದಿಲ್ಲ ಎಂಬುದಾಗಿರಲಿ. ಕೆಆರ್‌ಎಸ್ ಅಥವಾ ಕಬಿನಿಯಿಂದ ನೀರು ಬಿಟ್ಟಿದ್ದರೆ ನದಿದಂಡೆಯ ಜಾಗ ರದ್ದು. ವಾಹನದ ಸೀಟಿಗಿಂತ ಒಬ್ಬರು ಹೆಚ್ಚಾದರೂ ಇನ್ನೊಂದು ವಾಹನ. ಇಂತಿಷ್ಟು ಗಂಟೆಗೆ ಎಲ್ಲಿದ್ದರೂ ಅಲ್ಲಿಂದ ಹೊರಡುವುದು. ಅದರ ಒಂದು ಪ್ರತಿ ಮನೆಯವರ ಕೈಗೂ ಹೋಗಲಿ. ಅಮ್ಮಿ, ಅಬ್ಬಾ ಸಹಿ ಹಾಕುವಾಗ ಯಾವುದಕ್ಕೆ ಸಹಿ ಹಾಕುತ್ತಿದ್ದೇವೆಂದು ಅವರಿಗೆ ತಿಳಿಯಲಿ. ಈಗ ಹೆಣ್ಣುಮಕ್ಕಳನ್ನು ಪ್ರವಾಸಕ್ಕೆ ಕಳುಹಿಸಲು ಹಿಂಜರಿಯುವ ಮನೆಗಳಿಗೂ ಈ ಹಾಳೆ ಧೈರ್ಯ ಕೊಡುತ್ತದೆ ಎಂದು ನಂಬಿದ್ದೇನೆ.

ಎರಡನೆಯದು, ಪ್ರತಿ ವಾಹನದಲ್ಲಿ ಒಬ್ಬ ಉಪನ್ಯಾಸಕರ ಜೊತೆ ಒಬ್ಬ ವಿದ್ಯಾರ್ಥಿಗೂ "ಬೇಡ" ಎನ್ನುವ ಅಧಿಕಾರ ಇರಲಿ. ಇಬ್ಬರಲ್ಲಿ ಒಬ್ಬರು ಬೇಡವೆಂದರೆ ಬೇಡ. ಅಲ್ಲಿ ವಾದ ಬೇಡ, ಕಾಲೇಜಿಗೆ ಬಂದ ಮೇಲೆ ವಾದ ಮಾಡೋಣ.

ಮೂರನೆಯದು, ನಮ್ಮ ಭೌತಶಾಸ್ತ್ರ ಮತ್ತು ಗಣಿತ ವಿಭಾಗಗಳು ಸೇರಿ ಒಂದು ಶನಿವಾರ ಹಾರಾಟ ಯೋಜನೆಯ ಅಭ್ಯಾಸ ನಡೆಸಲಿ. ನಾಲ್ವರ ಗುಂಪು, ಒಂದು ನಕ್ಷೆ. ಮಂಡಕಳ್ಳಿಯಿಂದ ಮೇಕೆದಾಟಿಗೆ ಹೋಗಿ ಬರುವ ಲೆಕ್ಕ ಮೊದಲ ಸುತ್ತು. ಅದು ಸುಲಭವೆನ್ನಿಸಿದವರಿಗೆ ಎರಡನೇ ಸುತ್ತು: ಜಕ್ಕೂರಿನಿಂದ ಆಂಧ್ರದ ಕಡಪ ಜಿಲ್ಲೆಯ ಗಂಡಿಕೋಟೆಗೆ, ನೇರ ಗೆರೆಯಲ್ಲಿ ಸುಮಾರು 205 ಕಿ.ಮೀ. ನಮ್ಮ ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯೇ ಮಳೆ ಕಡಿಮೆಯ ಅನಂತಪುರದ ಸೀಮೆಯನ್ನು ದಾಟಿ, ಪೆನ್ನಾ ಎಂಬ ಹೆಸರಿನಲ್ಲಿ ಅಲ್ಲಿ ಕಮರಿ ಕೊರೆದಿದೆ. ಅದರ ದಂಡೆಯ ಕೋಟೆಯೊಳಗೆ ದೇವಸ್ಥಾನಗಳೂ ಜಾಮಿಯಾ ಮಸೀದಿಯೂ ಇವೆ. ಅಲ್ಲಿನ ಬೇಸಿಗೆಯ ಬಿಸಿಲನ್ನೂ ನಾಲ್ವರ ತೂಕವನ್ನೂ ಹಾಕಿ ಲೆಕ್ಕ ಮಾಡಿ ನೋಡಲಿ. ಯಾವ ಗುಂಪು ಹೆಚ್ಚು ದೂರ ಹೋಯಿತು ಎಂಬುದಕ್ಕೆ ಬಹುಮಾನ ಬೇಡ. ಎಲ್ಲಿಂದ ಹಿಂದಿರುಗಬೇಕು ಎಂದು ಯಾವ ಗುಂಪು ಕಾರಣ ಸಮೇತ ಬರೆಯಿತೋ ಅದಕ್ಕೆ ಕೊಡಲಿ.

ಪ್ರವಾಸ ಸಮಿತಿಯ ಸಭೆ ಇನ್ನೂ ನಡೆದಿಲ್ಲ. ಊರು ಯಾವುದೆಂದು ಅವರು ತೀರ್ಮಾನಿಸುವ ಮೊದಲು ಈ ಹಾಳೆಯನ್ನು ಮೇಜಿನ ಮೇಲಿಡಬೇಕೆಂದು ಕೇಳಿಕೊಳ್ಳುತ್ತೇನೆ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಬರೆಯಲಿ, ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಗಣಿತದ ಗೆಳೆಯರು ತಿದ್ದಲಿ.